ಅರಮನೆಯ ಬೆಳಕು, ನಮ್ಮ ಬೀದಿಯ ಬೆಳಕು



ಮೈಸೂರು ಅರಮನೆಯನ್ನು ನಿಮ್ಮಲ್ಲಿ ಹಲವರು ಹಗಲು ಹೊತ್ತು ನೋಡಿರಬಹುದು. ರಾತ್ರಿ ನೋಡಿದ್ದೀರಾ? ನಾವು ನೋಡಿ ಬಂದೆವು. ನಾವು ಅಂದರೆ ಮಳವಳ್ಳಿ ಕಡೆಯ ಒಂದು ಹಳ್ಳಿಯ ರಾತ್ರಿ ಶಾಲೆಯ 14 ಹೆಂಗಸರು. ನಮ್ಮ ಕಥೆ ಓದೋಣ ಬನ್ನಿ.

ಹೊರಟದ್ದು ಹೇಗೆ?

ಹೋದ ವರ್ಷ ನಮ್ಮೂರಿನ ಐದಾರು ಮಂದಿ ಅರಮನೆಯ 'ಧ್ವನಿ ಮತ್ತು ಬೆಳಕು' ಕಾರ್ಯಕ್ರಮ ನೋಡಲು ಹೋಗಿದ್ದರು. ಬೋರ್ಡ್ ಇತ್ತು. ಓದುವವರು ಇರಲಿಲ್ಲ. ಅವತ್ತು ಕಥೆ ಹೇಳಿದ್ದು ಇಂಗ್ಲಿಷಿನಲ್ಲಿ. "ದೀಪ ಹತ್ತಿತು, ಆರಿತು. ಯಾಕೆ ಅಂತ ಒಂದೂ ತಿಳೀಲಿಲ್ಲ" ಎಂದು ಅವರು ಬೇಜಾರಿನಿಂದ ಹೇಳಿದ್ದರು.

ಈ ಸಲ ಹಾಗಾಗಬಾರದು ಎಂದುಕೊಂಡೆವು. ಈ ಕಾರ್ಯಕ್ರಮ ಕೆಲವು ದಿನ ಕನ್ನಡದಲ್ಲಿ, ಕೆಲವು ದಿನ ಇಂಗ್ಲಿಷಿನಲ್ಲಿ ಇರುತ್ತದೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಅರಮನೆಗೆ ದೀಪ ಹಚ್ಚುತ್ತಾರೆ. ದಸರೆಯಲ್ಲಿ ದಿನಾಲೂ ದೀಪ ಇರುತ್ತದೆ. ಕನ್ನಡದ ದಿನ ಯಾವುದು ಎಂದು ಮೊದಲೇ ವಿಚಾರಿಸಿದೆವು. ಸಂಘದ ಉಳಿತಾಯದಲ್ಲಿ ಒಂದು ಟೆಂಪೋ ಮಾಡಿದೆವು.

ನಮ್ಮ ಗುಂಪಿನ ಅಜ್ಜಿಗೆ 67 ವರ್ಷ. "ಕತ್ತಲಾದ ಮೇಲೆ ಹೆರಿಗೆ ಮನೆಗೆ ಹೋಗಿದೀನಿ, ಸಾವಿನ ಮನೆಗೆ ಹೋಗಿದೀನಿ. ನೋಡೋಕೆ ಅಂತ ಎಲ್ಲೂ ಹೋಗಿಲ್ಲ ಕಣ್ರವ್ವ" ಅಂದರು. ಎಲ್ಲರಿಗಿಂತ ಮೊದಲು ಟೆಂಪೋ ಹತ್ತಿ ಕೂತವರೂ ಅವರೇ!

ಬಾಗಿಲಲ್ಲಿ

ಟಿಕೆಟ್ ಕೊಡುವ ಕಡೆ ಗಲಾಟೆ. ಯಾರೋ ಒಬ್ಬ ಬಂದ. "ಕನ್ನಡದ ಶೋ ಇವತ್ತು ಇಲ್ಲ. ನನಗೆ ದುಡ್ಡು ಕೊಡಿ, ಬೇರೆ ದಾರೀಲಿ ಬಿಡಿಸ್ತೀನಿ" ಅಂದ. ನಮ್ಮ ಚಿಕ್ಕ ಸೊಸೆ ಒಬ್ಬಾಕೆ ಬೋರ್ಡಿನ ಮುಂದೆ ನಿಂತಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ವಾರ, ಹೊತ್ತು, ದರ, ಎಲ್ಲಾ ಅಲ್ಲೇ ಬರೆದಿತ್ತು. ಕನ್ನಡ ಅಂತಲೂ ಬರೆದಿತ್ತು. ನಾವು ತಿರುಗಿ ನೋಡಿದಾಗ ಆ ಮನುಷ್ಯ ಅಲ್ಲಿರಲಿಲ್ಲ.

ಕತ್ತಲಲ್ಲಿ ಕಥೆ

ಅರಮನೆಯ ಮುಂದೆ ಕೂತೆವು. ಮೊದಲು ಎಲ್ಲಾ ಕತ್ತಲು. ಆಮೇಲೆ ಒಂದು ದನಿ ಕೇಳಿತು. ಒಂದು ಗೋಪುರದ ಮೇಲೆ ಕೆಂಪು ಬೆಳಕು ಬಿತ್ತು. ಇನ್ನೊಂದು ಕಡೆ ನೀಲಿ. ಮೈಸೂರು ಒಡೆಯರ ಕಥೆ ಒಂದೊಂದಾಗಿ ಬಂತು. ಯುದ್ಧದ ಕಥೆಗೆ ಡಮಾರ್ ಎಂದು ಸದ್ದಾದಾಗ ಅಜ್ಜಿ ನಮ್ಮ ಕೈ ಹಿಡಿದುಕೊಂಡರು.

ಇದು ಮಾಯವಲ್ಲ. ದನಿಯನ್ನು ಮೊದಲೇ ಮುದ್ರಿಸಿ ಇಟ್ಟಿರುತ್ತಾರೆ. ಯಾವ ಮಾತಿಗೆ ಯಾವ ದೀಪ ಹತ್ತಬೇಕು ಎಂಬುದನ್ನೂ ಮೊದಲೇ ಗೊತ್ತು ಮಾಡಿರುತ್ತಾರೆ. ಬಣ್ಣದ ಬೆಳಕಲ್ಲೂ ಒಂದು ಲೆಕ್ಕ ಇದೆ. ಕೆಂಪು ಬೆಳಕು, ಹಸಿರು ಬೆಳಕು ಒಂದೇ ಕಡೆ ಬಿದ್ದರೆ ಹಳದಿ ಕಾಣುತ್ತದೆ. ಅದಕ್ಕೆ ನೀಲಿ ಬೆಳಕೂ ಸೇರಿದರೆ ಬಿಳಿ ಕಾಣುತ್ತದೆ. ಕೆಲವು ಊರುಗಳಲ್ಲಿ ಹಳೆಯ ಕಟ್ಟಡದ ಗೋಡೆಯನ್ನೇ ಸಿನಿಮಾ ಪರದೆಯಂತೆ ಮಾಡಿಕೊಂಡು ಚಿತ್ರ ಬೀಳಿಸುತ್ತಾರೆ.

ಕೊನೆಗೆ ಒಂದೇ ಸಲಕ್ಕೆ ಅರಮನೆಯ ದೀಪಗಳೆಲ್ಲಾ ಹತ್ತಿದವು. ಸುಮಾರು 1 ಲಕ್ಷ ಬಲ್ಬು! ಕಮಾನು, ಕಂಬ, ಗೋಪುರ, ಎಲ್ಲದರ ಅಂಚಿಗೂ ಸಾಲು ದೀಪ. ಚುಕ್ಕಿ ಇಟ್ಟು ರಂಗೋಲಿ ಬಿಟ್ಟ ಹಾಗೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಒಬ್ಬ ತಾಯಿಯ ಕಥೆ

ಈಗ ನೋಡುವ ಅರಮನೆಗಿಂತ ಮುಂಚೆ ಅಲ್ಲಿ ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಅದಕ್ಕೆ ಬೆಂಕಿ ಬಿತ್ತು. ಅರಮನೆ ಸುಟ್ಟುಹೋಯಿತು.

ಆಗ ರಾಜ್ಯ ನೋಡಿಕೊಳ್ಳುತ್ತಿದ್ದವರು ಒಬ್ಬ ಹೆಂಗಸು. ಅವರು ಮಹಾರಾಣಿ ಕೆಂಪನಂಜಮ್ಮಣ್ಣಿ. ವಾಣಿವಿಲಾಸ ಸನ್ನಿಧಾನ ಎಂದೂ ಅವರನ್ನು ಕರೆಯುತ್ತಿದ್ದರು. ಅವರ ಗಂಡ ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಆಗ 10 ವರ್ಷದ ಹುಡುಗ. ಮಗ ದೊಡ್ಡವನಾಗುವ ತನಕ, 1902ರವರೆಗೆ, ತಾಯಿಯೇ ರಾಜ್ಯದ ಭಾರ ಹೊತ್ತರು. ಹೊಸ ಅರಮನೆ ಕಟ್ಟುವ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿಗೆ ಒಪ್ಪಿಸಿದರು. ಕಲ್ಲು, ಇಟ್ಟಿಗೆ, ಕಬ್ಬಿಣ ಹಾಕಿ ಕಟ್ಟಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಖರ್ಚು ಸುಮಾರು 41 ಲಕ್ಷ ರೂಪಾಯಿ.

ಅವರ ಕಾಲದಲ್ಲೇ ಇನ್ನೊಂದು ದೊಡ್ಡ ಕೆಲಸ ಆಯಿತು. ನಮ್ಮ ಪಕ್ಕದ ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಾಳಲ್ಲ, ಅಲ್ಲಿ 1902ರಲ್ಲಿ ವಿದ್ಯುತ್ ತಯಾರಾಯಿತು. ಆ ವಿದ್ಯುತ್ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಕೊಟ್ಟಿತು. ಮುಂದೆ ಮೈಸೂರಿಗೂ ಬಂತು.

ಬರುವಾಗ ಆಡಿದ ಮಾತು

ಊರಿಗೆ ಬಂದಾಗ ರಾತ್ರಿ 11 ಗಂಟೆ. ಮುಖ್ಯ ಬೀದೀಲಿ ದೀಪ ಇತ್ತು. ನಮ್ಮ ಶಾಲೆಗೆ ಹೋಗುವ ಕೆಳಗಿನ ಬೀದಿ ಮಾತ್ರ ಗವ್ವೆನ್ನುತ್ತಿತ್ತು. ಕಂಬ ಇದೆ, ದೀಪ ಇಲ್ಲ. ಮಳೆಗಾಲದಲ್ಲಿ ಅಲ್ಲೇ ಒಬ್ಬಾಕೆ ಚರಂಡಿಗೆ ಬಿದ್ದು ಕೈ ಮುರಿದುಕೊಂಡಳು. ಅವತ್ತಿನಿಂದ ಆಕೆ ಶಾಲೆಗೆ ಬರಲಿಲ್ಲ. ಅವಳ ಜೊತೆಯವರು ಇಬ್ಬರೂ ಬಿಟ್ಟರು. "ನಮ್ಮ ಮಗ್ಗುಲ ನೀರಿಂದ ಎಲ್ಲೆಲ್ಲೋ ದೀಪ ಹತ್ತಿತು. ನಮ್ಮ ಬೀದಿಗೆ ಒಂದು ಬೇಡವಾ?" ಅಂದರು ಅಜ್ಜಿ.

ಮಾರನೇ ದಿನ ಹಲಗೆಯ ಮೇಲೆ ಲೆಕ್ಕ ಹಾಕಿದೆವು. 1,000 ವ್ಯಾಟ್ 1 ಗಂಟೆ ಉರಿದರೆ 1 ಯುನಿಟ್. ಅರಮನೆಯ ಒಂದು ಬಲ್ಬಿಗೆ 15 ವ್ಯಾಟ್ ಎಂದು ಹಿಡಿಯೋಣ. 1 ಲಕ್ಷ ಬಲ್ಬು 1 ಗಂಟೆ ಉರಿದರೆ 1,500 ಯುನಿಟ್. ಬೀದಿಗೆ 20 ವ್ಯಾಟಿನ ಒಂದು ಎಲ್‌ಇಡಿ ದೀಪ ಸಾಕು. ಅದು ರಾತ್ರಿಗೆ 10 ಗಂಟೆ ಉರಿದರೆ 5 ರಾತ್ರಿಗೆ 1 ಯುನಿಟ್. ಅಂದರೆ 1,500 ಯುನಿಟ್‌ನಲ್ಲಿ ನಮ್ಮ ಬೀದಿಯ ದೀಪ 7,500 ರಾತ್ರಿ ಉರಿಯುತ್ತದೆ. 20 ವರ್ಷಕ್ಕೂ ಹೆಚ್ಚು!

ಅರಮನೆಯ ದೀಪ ಆರಿಸಿ ಎಂದು ನಾವು ಹೇಳುವುದಿಲ್ಲ. ಅದು ಚೆಂದ. ನೋಡಿದವರ ಮನಸ್ಸು ತುಂಬುತ್ತದೆ. ನಾವು ಕೇಳುವ ದೀಪಕ್ಕೆ ಖರ್ಚು ಬಲು ಕಡಿಮೆ ಎಂದಷ್ಟೇ ಹೇಳುತ್ತೇವೆ.

ಹಳ್ಳಿಯ ಬೀದಿ ದೀಪ ಗ್ರಾಮ ಪಂಚಾಯಿತಿಯ ಹೊಣೆ. ಅದಕ್ಕೇ ಅರ್ಜಿ ಬರೆದೆವು:

"ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ನಮಸ್ಕಾರ. ರಾತ್ರಿ ಶಾಲೆಗೆ ಹೋಗುವ ಕೆಳಗಿನ ಬೀದಿಯ ಕಂಬಕ್ಕೆ ದೀಪ ಇಲ್ಲ. ಕತ್ತಲಲ್ಲಿ ಒಬ್ಬರು ಬಿದ್ದು ಕೈ ಮುರಿದಿದೆ. 3 ಜನ ಓದು ಬಿಟ್ಟಿದ್ದಾರೆ. ದಯವಿಟ್ಟು ಒಂದು ದೀಪ ಹಾಕಿಸಿ ಕೊಡಬೇಕು."

ಕೆಳಗೆ ತಾರೀಖು ಹಾಕಿದೆವು. 14 ಜನರೂ ಸಹಿ ಮಾಡಿದೆವು. ಹೆಬ್ಬೆಟ್ಟು ಒಂದೂ ಇಲ್ಲ. ಅಜ್ಜಿಯ ಸಹಿ ಸ್ವಲ್ಪ ಸೊಟ್ಟ, ಆದರೆ ಎಲ್ಲರದ್ದಕ್ಕಿಂತ ದೊಡ್ಡದು. ಅರ್ಜಿಯ ಒಂದು ಪ್ರತಿ ನಾವೇ ಇಟ್ಟುಕೊಂಡೆವು. ಅರ್ಜಿ ತಲುಪಿತು ಎಂದು ರಸೀತಿ ಕೇಳಿ ಪಡೆದೆವು.

ಅರ್ಜಿ ಕೊಟ್ಟು 3 ವಾರ ಆಯ್ತು. ಮೊನ್ನೆ ಒಬ್ಬರು ಬಂದು ಕಂಬ ನೋಡಿ ಹೋದರು. ದೀಪ ಇನ್ನೂ ಬಂದಿಲ್ಲ. ಬರುವ ಗ್ರಾಮ ಸಭೆಗೆ ನಾವು ಎಲ್ಲರೂ ಹೋಗುತ್ತೇವೆ. ರಸೀತಿ ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಭದ್ರವಾಗಿದೆ. ಅಲ್ಲಿಯ ತನಕ ಕೈ ಮುರಿದ ನಮ್ಮ ಗೆಳತಿಯನ್ನು ಟಾರ್ಚ್ ಹಿಡಿದು ನಾವೇ ಶಾಲೆಗೆ ಕರೆದುಕೊಂಡು ಬರುತ್ತಿದ್ದೇವೆ.

ಓದಿ, ಮಾತಾಡಿ, ಬರೆಯಿರಿ

1. ಹಳೆಯ ಅರಮನೆ ಸುಟ್ಟದ್ದು ಯಾವ ವರ್ಷ? ಹೊಸದು ಮುಗಿದದ್ದು ಯಾವ ವರ್ಷ? ನಡುವೆ ಎಷ್ಟು ವರ್ಷ?
2. ನಿಮ್ಮ ಊರಿನಲ್ಲಿ ಕತ್ತಲಾದ ಮೇಲೆ ಹೆಂಗಸರು ಓಡಾಡಲು ಹೆದರುವ ಜಾಗ ಯಾವುದು? ಯಾಕೆ?
3. ನಿಮ್ಮ ಮನೆಯ ಕರೆಂಟ್ ಬಿಲ್ ತನ್ನಿ. ಹೋದ ತಿಂಗಳು ಎಷ್ಟು ಯುನಿಟ್ ಆಗಿದೆ? ಹುಡುಕಿ ಓದಿ.
4. ಬೀದಿ ದೀಪಕ್ಕೆ ಒಂದು ಅರ್ಜಿ ಬರೆಯಿರಿ. ತಾರೀಖು, ಸಹಿ ಮರೆಯಬೇಡಿ.