ಆಸ್ಪತ್ರೆ ಬಿಲ್: ಕಟ್ಟುವ ಮುನ್ನ ಕೇಳಿ, ಕಟ್ಟಿದ ಮೇಲೂ ಕೇಳಿ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ‘ಬಿಲ್ ಜಾಸ್ತಿಯಾಯಿತು’ ಎಂದು ಗೊಣಗದವರು ಕಡಿಮೆ. ಆದರೆ ಬರೀ ‘ಜಾಸ್ತಿ’ ಎಂದರೆ ಕಾನೂನು ಕಿವಿಗೊಡುವುದಿಲ್ಲ. ಯಾವುದಕ್ಕಿಂತ ಜಾಸ್ತಿ ಎಂದು ಕೇಳುತ್ತದೆ. ಅದಕ್ಕೆ ಉತ್ತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(6)ರಲ್ಲಿದೆ. ಕಾನೂನು ಗೊತ್ತುಮಾಡಿದ ಬೆಲೆ, ಪೊಟ್ಟಣದ ಮೇಲೆ ಅಚ್ಚಾದ ಬೆಲೆ, ದರಪಟ್ಟಿಯಲ್ಲಿ ತೋರಿಸಿದ ಬೆಲೆ, ಎರಡೂ ಕಡೆಯವರು ಒಪ್ಪಿಕೊಂಡ ಬೆಲೆ. ಈ ನಾಲ್ಕರಲ್ಲಿ ಯಾವುದನ್ನು ಮೀರಿ ವಸೂಲು ಮಾಡಿದರೂ ಅದು ದೂರಿಗೆ ಕಾರಣ.

ಈ ನಾಲ್ಕು ಬೆಲೆಗಳನ್ನು ಮೊದಲೇ ತಿಳಿದುಕೊಳ್ಳಲು, ತಿಳಿದದ್ದನ್ನು ದಾಖಲೆಯಾಗಿ ಇಟ್ಟುಕೊಳ್ಳಲು ಈಗ ಕೈಯಲ್ಲಿರುವ ಫೋನ್ ಸಾಕು. ಹಣ ಕಟ್ಟುವ ಮುನ್ನ ಕೇಳಿ ಪಡೆದ ಒಂದು ಕಾಗದ ಖರ್ಚನ್ನೂ ತಗ್ಗಿಸುತ್ತದೆ, ಮುಂದೆ ದೂರು ಕೊಡಬೇಕಾಗಿ ಬಂದರೆ ಸಾಕ್ಷಿಯೂ ಆಗುತ್ತದೆ.

ಔಷಧದ ಬೆಲೆ: ಸ್ಟ್ರಿಪ್‌ನ ಹಿಂಬದಿ ಓದಿ

ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದಡಿ ಗರಿಷ್ಠ ಬೆಲೆ ನಿಗದಿಯಾಗುತ್ತದೆ. ನಿಗದಿ ಮಾಡುವುದು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ, ಅಂದರೆ ಎನ್‌ಪಿಪಿಎ. ಪಟ್ಟಿಯಲ್ಲಿಲ್ಲದ ಔಷಧಗಳ ಎಂಆರ್‌ಪಿಯನ್ನೂ ಕಂಪನಿಗಳು ಹನ್ನೆರಡು ತಿಂಗಳಲ್ಲಿ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹೃದಯಕ್ಕೆ ಹಾಕುವ ಸ್ಟೆಂಟ್ ಮತ್ತು ಕೃತಕ ಮಂಡಿಚಿಪ್ಪಿಗೂ 2017ರಿಂದ ಬೆಲೆ ಮಿತಿ ಇದೆ.

ಇದನ್ನು ಪರೀಕ್ಷಿಸಲು ಎನ್‌ಪಿಪಿಎಯ ‘ಫಾರ್ಮಾ ಸಹೀ ದಾಮ್’ ಎಂಬ ಉಚಿತ ಆ್ಯಪ್ ಇದೆ. ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಎಂಬುದು ಇರುತ್ತದೆ. ಅದನ್ನು ಆ್ಯಪ್‌ನಲ್ಲಿ ಹುಡುಕಿದರೆ ಅದೇ ಔಷಧ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಎಷ್ಟೆಷ್ಟಕ್ಕೆ ಸಿಗುತ್ತದೆ ಎಂಬ ಪಟ್ಟಿ ತೆರೆಯುತ್ತದೆ. ಮಧುಮೇಹ, ರಕ್ತದೊತ್ತಡದಂತೆ ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗಳಲ್ಲಿ ಈ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ದೊಡ್ಡ ಮೊತ್ತವಾಗುತ್ತದೆ. ಹತ್ತಿರದ ಜನೌಷಧಿ ಕೇಂದ್ರ ಎಲ್ಲಿದೆ, ಅಲ್ಲಿ ಆ ಔಷಧದ ಬೆಲೆಯೆಷ್ಟು ಎಂಬುದನ್ನು ‘ಜನೌಷಧಿ ಸುಗಮ್’ ಆ್ಯಪ್ ತೋರಿಸುತ್ತದೆ. ಬ್ರ್ಯಾಂಡ್ ಬದಲಿಸುವ ಮುನ್ನ ಮಾತ್ರ ವೈದ್ಯರನ್ನು ಒಂದು ಮಾತು ಕೇಳಿ. ಔಷಧದ ಜೆನೆರಿಕ್ ಹೆಸರು ಬರೆಯಬೇಕೆಂದು 2002ರ ವೈದ್ಯರ ವೃತ್ತಿ ನಡಾವಳಿ ನಿಯಮಗಳೇ ಹೇಳುತ್ತವೆ; ಹಾಗಾಗಿ ಕೇಳಲು ಸಂಕೋಚ ಬೇಡ.

ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಟ್ಟರೆ ನಾಲ್ಕರ ಲೆಕ್ಕದ ಬೆಲೆಯನ್ನಷ್ಟೇ ತೆಗೆದುಕೊಳ್ಳಬೇಕು. ಬಿಲ್ ಕೊಡದಿರುವುದು ಗ್ರಾಹಕ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನಿಗದಿತ ಬೆಲೆ ಮೀರಿದರೆ ಎನ್‌ಪಿಪಿಎಯ ‘ಫಾರ್ಮಾ ಜನ ಸಮಾಧಾನ್’ನಲ್ಲಿ ದೂರು ದಾಖಲಿಸಬಹುದು. ಒಂದು ವಿಷಯ ನೆನಪಿರಲಿ. ಎನ್‌ಪಿಪಿಎ ಕಂಪನಿಯಿಂದ ವಸೂಲು ಮಾಡುವ ಹೆಚ್ಚುವರಿ ಹಣ ಸರ್ಕಾರಕ್ಕೆ ಸೇರುತ್ತದೆ, ನಿಮ್ಮ ಕೈಗಲ್ಲ. ನಿಮ್ಮ ಹಣ ವಾಪಸು ಬೇಕಿದ್ದರೆ ಗ್ರಾಹಕ ದೂರಿನ ಹಾದಿಯೇ ಸರಿ.

‘ನಮ್ಮ ಮೆಡಿಕಲ್‌ನಲ್ಲೇ ಕೊಳ್ಳಬೇಕು’ ಎಂದು ಆಸ್ಪತ್ರೆ ಪಟ್ಟು ಹಿಡಿದರೆ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ ಔಷಧ ಎಲ್ಲಿ ಕೊಳ್ಳಬೇಕು, ಪರೀಕ್ಷೆ ಎಲ್ಲಿ ಮಾಡಿಸಬೇಕು ಎಂಬುದು ರೋಗಿಯ ಆಯ್ಕೆ. ಸನ್ನದು ಸ್ವತಃ ಕಾಯ್ದೆಯಲ್ಲ, ನಿಜ. ಇದೇ ವಿಷಯ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ, ಅದು ತಾನೇ ನಿರ್ಬಂಧ ಹೇರದೆ ನೀತಿ ರೂಪಿಸುವ ಹೊಣೆಯನ್ನು ರಾಜ್ಯಗಳಿಗೆ ಬಿಟ್ಟಿತು. ಆದ್ದರಿಂದ ಜಗಳಕ್ಕಿಳಿಯುವ ಬದಲು ‘ಹೊರಗಿನಿಂದ ತರಬಾರದು ಎಂಬುದನ್ನು ಬರೆದುಕೊಡಿ’ ಎಂದು ಕೇಳಿ.

ಸೇರುವ ಮುನ್ನ: ಯೋಜನೆ ನೋಡಿ, ದರ ಬರೆಸಿಕೊಳ್ಳಿ

ಸಣ್ಣಪುಟ್ಟ ತೊಂದರೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ಮೊದಲು ಸರ್ಕಾರದ ‘ಇ-ಸಂಜೀವನಿ’ಯಲ್ಲಿ ವೈದ್ಯರೊಂದಿಗೆ ಉಚಿತವಾಗಿ ವಿಡಿಯೊದಲ್ಲಿ ಮಾತನಾಡಬಹುದು. ಮನಸ್ಸಿನ ಬಾಧೆಗಳಿಗೆ ‘ಟೆಲಿ-ಮನಸ್’ ಸಹಾಯವಾಣಿ 14416 ಇದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತನಾಡಬಹುದು.

ದೊಡ್ಡ ಚಿಕಿತ್ಸೆಯಾದರೆ ಮೊದಲು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ನೋಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಭರಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ಯಾವ ಆಸ್ಪತ್ರೆ ನೋಂದಾಯಿತ ಎಂಬುದನ್ನು ಆನ್‌ಲೈನ್‌ನಲ್ಲಿ ನೋಡಬಹುದು, ಇಲ್ಲವೇ 14555ಕ್ಕೆ ಕರೆ ಮಾಡಿ ಕೇಳಬಹುದು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಯನ್ನೂ ವಿಚಾರಿಸಲಿ.

ಇಲ್ಲಿ ಹಲವರು ಎಡವುವುದು ‘ಆಭಾ’ ಸಂಖ್ಯೆಯ ವಿಷಯದಲ್ಲಿ. 14 ಅಂಕಿಯ ಆಭಾ ನಿಮ್ಮ ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಗುರುತು ಮಾತ್ರ. ಅದು ಇದ್ದ ಮಾತ್ರಕ್ಕೆ ಉಚಿತ ಚಿಕಿತ್ಸೆ ಸಿಗದು. ಅದಕ್ಕೆ ಬೇಕಾದದ್ದು ಆಯುಷ್ಮಾನ್ ಕಾರ್ಡ್.

ಖಾಸಗಿ ಆಸ್ಪತ್ರೆಯಾದರೆ ಅದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007, ಅಂದರೆ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿರಬೇಕು ಮತ್ತು ತನ್ನ ಶುಲ್ಕಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಆ ದರಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಅಂದಾಜು ವೆಚ್ಚವನ್ನು ಇ-ಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕೇಳಿ: ‘ಈ ಶಸ್ತ್ರಚಿಕಿತ್ಸೆಯ ಪ್ಯಾಕೇಜ್ ಎಷ್ಟು, ಅದರಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ ದಯವಿಟ್ಟು ತಿಳಿಸಿ.’ ಬಾಯಿಮಾತಿನ ಪ್ಯಾಕೇಜ್ ಬಿಲ್ ಬರುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಬರಹದಲ್ಲಿದ್ದರೆ ಅದೇ ನಾಲ್ಕನೆಯ ಬೆಲೆ, ‘ಒಪ್ಪಿಕೊಂಡ ಬೆಲೆ’.

ತುರ್ತು ಸ್ಥಿತಿಯಲ್ಲಿ ಈ ಯಾವ ವಿಚಾರಣೆಗೂ ಸಮಯ ಹಾಳು ಮಾಡಬೇಡಿ. ಮುಂಗಡ ಕಟ್ಟಿಲ್ಲವೆಂದು ತುರ್ತು ಚಿಕಿತ್ಸೆ ನಿರಾಕರಿಸಲು ಕೆಪಿಎಂಇ ಕಾಯ್ದೆಯಲ್ಲಿ ಅವಕಾಶವಿಲ್ಲ. ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯ ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇಯಲ್ಲಿ ಜಾರಿಗೆ ಬಂದಿದೆ.

ವಿಮೆ: ಕೊಠಡಿ ಆರಿಸುವಾಗಲೇ ಲೆಕ್ಕ ಹಾಕಿ

ಪಾಲಿಸಿಯ ಷರತ್ತುಗಳನ್ನು ಸರಳವಾಗಿ ಹೇಳುವ ‘ಗ್ರಾಹಕ ಮಾಹಿತಿ ಪತ್ರ’ವನ್ನು ವಿಮಾ ಕಂಪನಿ ಕೊಡಲೇಬೇಕು. ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ನಿಯಮ. ಕನ್ನಡದಲ್ಲೇ ಕೇಳಿ. ಅದು ಬಂದಾಗ ಮೊದಲು ನೋಡಬೇಕಾದದ್ದು ಕೊಠಡಿ ಬಾಡಿಗೆಯ ಮಿತಿ.

ಒಂದು ಉದಾಹರಣೆ. ಪಾಲಿಸಿಯಲ್ಲಿ ದಿನದ ಕೊಠಡಿ ಬಾಡಿಗೆಗೆ 4,000 ರೂ. ಮಿತಿಯಿದೆ ಎನ್ನಿ. ನೀವು 8,000 ರೂ.ಗಳ ಕೊಠಡಿಯಲ್ಲಿ ನಾಲ್ಕು ದಿನ ಇದ್ದಿರಿ. ಬಾಡಿಗೆ 32,000, ಶಸ್ತ್ರಚಿಕಿತ್ಸಕರು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000, ಔಷಧ ಮತ್ತು ಪರೀಕ್ಷೆಗಳಿಗೆ 50,000. ಒಟ್ಟು 2,02,000 ರೂ. ಬಾಡಿಗೆಯಲ್ಲಿ ಹೆಚ್ಚಾದ 16,000 ಮಾತ್ರ ಕೈಯಿಂದ ಹೋಗುತ್ತದೆ ಎಂದು ನೀವು ಭಾವಿಸುತ್ತೀರಿ. ಆದರೆ ‘ಅನುಪಾತದ ಕಡಿತ’ದ ಷರತ್ತಿದ್ದರೆ ಕಂಪನಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ಅರ್ಧಕ್ಕೆ ಇಳಿಸಿ 60,000 ಮಾತ್ರ ಕೊಡುತ್ತದೆ. ಕೊನೆಗೆ ನಿಮ್ಮ ಪಾಲಿಗೆ ಬೀಳುವುದು 76,000 ರೂ.

ಇಲ್ಲೂ ನಿಮಗೆ ರಕ್ಷಣೆಯಿದೆ. ಔಷಧ, ಬಳಕೆ ಸಾಮಗ್ರಿ, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಅನ್ವಯಿಸುವುದಿಲ್ಲ. ಐಸಿಯು ಶುಲ್ಕಕ್ಕೂ ಇಲ್ಲ. ಕೊಠಡಿ ಯಾವುದಾದರೂ ಒಂದೇ ಶುಲ್ಕ ವಿಧಿಸುವ ಆಸ್ಪತ್ರೆಯಾದರೆ ಆ ಶುಲ್ಕದಲ್ಲೂ ಕಡಿತ ಮಾಡುವಂತಿಲ್ಲ. ಇತ್ಯರ್ಥ ಪತ್ರದಲ್ಲಿ ಇವುಗಳ ಮೇಲೆ ಕತ್ತರಿ ಬಿದ್ದಿದ್ದರೆ ಪ್ರಶ್ನಿಸಿ.

ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು. ಬಿಡುಗಡೆ ಹೊತ್ತಿನಲ್ಲಿ ಆಸ್ಪತ್ರೆಯಿಂದ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಭರಿಸಬೇಕಾದದ್ದು ಕಂಪನಿಯೇ. ಹಾಗಾಗಿ ಆಸ್ಪತ್ರೆಯ ವಿಮಾ ಡೆಸ್ಕ್ ಕೋರಿಕೆ ಕಳಿಸಿದ ಸಮಯವನ್ನು ಕೇಳಿ ಬರೆದಿಟ್ಟುಕೊಳ್ಳಿ. ಪಾಲಿಸಿ 60 ತಿಂಗಳು ನಿರಂತರವಾಗಿ ನಡೆದಿದ್ದರೆ, ವಂಚನೆ ಸಾಬೀತಾದ ಹೊರತು, ‘ಹಳೆಯ ಕಾಯಿಲೆ ಹೇಳಿರಲಿಲ್ಲ’ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ.

ಬಿಲ್ ಮತ್ತು ದಾಖಲೆ

ಬಿಡುಗಡೆಯ ದಿನ ಒಟ್ಟು ಮೊತ್ತದ ಬಿಲ್ ಒಪ್ಪಿಕೊಳ್ಳಬೇಡಿ, ವಿವರವಾದ ಬಿಲ್ ಕೇಳಿ. ‘ಕನ್ಸ್ಯೂಮಬಲ್ಸ್’ ಎಂದು ಒಂದೇ ಸಾಲಿನಲ್ಲಿ ಸಾವಿರಗಳ ಲೆಕ್ಕವಿದ್ದರೆ ಬಿಡಿಸಿ ತೋರಿಸಲು ಹೇಳಿ. ಎಷ್ಟು ಗ್ಲೌಸ್, ಎಷ್ಟು ಸಿರಿಂಜ್, ಬಳಸದೆ ಹಿಂದಿರುಗಿಸಿದ ಔಷಧದ ಹಣ ಕಳೆದಿದ್ದಾರೆಯೇ ಎಂದು ನೋಡಿ. ಹಾಕಿದ ಸ್ಟೆಂಟ್ ಅಥವಾ ಇಂಪ್ಲಾಂಟ್‌ನ ಕಂಪನಿ ಮತ್ತು ಬ್ಯಾಚ್ ಸಂಖ್ಯೆಯೂ ದಾಖಲೆಯಲ್ಲಿರಲಿ.

ಕೇಳಿದ 72 ಗಂಟೆಯೊಳಗೆ ಚಿಕಿತ್ಸಾ ದಾಖಲೆಗಳನ್ನು ಕೊಡಬೇಕೆಂದು 2002ರ ಅದೇ ವೃತ್ತಿ ನಡಾವಳಿ ನಿಯಮಗಳು ಹೇಳುತ್ತವೆ. ರೋಗಿ ತೀರಿಕೊಂಡಾಗ ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕೆಂಬುದು ಕೆಪಿಎಂಇ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಆಶಯ.

ದೂರು: ಎಲ್ಲಿ, ಯಾವಾಗ?

ಆಸ್ಪತ್ರೆಯ ಶುಲ್ಕ, ನೋಂದಣಿ, ರೋಗಿಯ ಹಕ್ಕಿನ ವಿಚಾರವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಬರೆಯಿರಿ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು.

ವಿಮೆಯ ವಿಚಾರವಾದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಕಳಿಸಿ. ಐಆರ್‌ಡಿಎಐನ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಿ. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗೆ ಪರಿಹಾರ ಆದೇಶಿಸಬಹುದು. ಅದೇ ವಿಷಯ ಗ್ರಾಹಕ ಆಯೋಗದಲ್ಲಿ ವಿಚಾರಣೆಯಲ್ಲಿದ್ದರೆ ಮಾತ್ರ ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಹಾಗಾಗಿ ಮೊದಲು ಓಂಬುಡ್ಸ್‌ಮನ್, ಆಮೇಲೆ ಆಯೋಗ ಎಂಬ ಕ್ರಮವೇ ಒಳ್ಳೆಯದು.

ಹೆಚ್ಚು ವಸೂಲಾದ ಹಣ, ಸೇವಾ ನ್ಯೂನತೆಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಆಯೋಗ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಸ್ಪಷ್ಟಪಡಿಸಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಅದು ಅನ್ವಯಿಸದು. 2025ರ ಜನವರಿಯಿಂದ ‘ಇ-ಜಾಗೃತಿ’ ಜಾಲತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಆಸ್ಪತ್ರೆ ಬೇರೆ ಊರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ; 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ಗಡುವು ಎರಡು ವರ್ಷ.

ಕಾಯಂ ಲೋಕ ಅದಾಲತ್ ಹೆಚ್ಚು ಜನಕ್ಕೆ ಗೊತ್ತಿಲ್ಲದ ಬಾಗಿಲು. ಆಸ್ಪತ್ರೆ ಸೇವೆ ಮತ್ತು ವಿಮೆ ಎರಡೂ ಅದರ ವ್ಯಾಪ್ತಿಯಲ್ಲಿವೆ, ಶುಲ್ಕವಿಲ್ಲ. ರಾಜಿ ಆಗದಿದ್ದರೆ ಅದು ತೀರ್ಪನ್ನೂ ಕೊಡಬಲ್ಲದು. ವಕೀಲರ ನೆರವು ಬೇಕಾದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು.

ಫೋನ್‌ನಲ್ಲಿರುವ ಸಂದೇಶ, ಫೋಟೊಗಳನ್ನು ಅಳಿಸಬೇಡಿ. ವಿದ್ಯುನ್ಮಾನ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಕೇಳಬಹುದು, ಆಗ ಮೂಲ ಫೋನ್ ಬೇಕಾಗುತ್ತದೆ.

ಮೋಸದ ಲಿಂಕುಗಳೂ ಇದೇ ಫೋನಿಗೆ ಬರುತ್ತವೆ. ‘ಆಯುಷ್ಮಾನ್ ಕಾರ್ಡ್ ಮಾಡಿಕೊಡುತ್ತೇವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಕಡತ ತೆರೆಯಬೇಡಿ, ಒಟಿಪಿ ಹೇಳಬೇಡಿ. ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ದೂರು ಬರೆಯುವಾಗ ಒಂದು ಪುಟ ಸಾಕು. ಯಾವ ದಿನ ಏನಾಯಿತು, ನಾಲ್ಕು ಬೆಲೆಗಳಲ್ಲಿ ಯಾವುದು ಮೀರಿತು, ಎಷ್ಟು ರೂಪಾಯಿ ಮೀರಿತು, ಆಧಾರವೇನು, ನಿಮಗೆ ಏನು ಬೇಕು. ಸಿಟ್ಟಿನ ಮಾತಿಗಿಂತ ‘ದರಪಟ್ಟಿಯಲ್ಲಿ 1,200, ಬಿಲ್‌ನಲ್ಲಿ 1,900, ಹೆಚ್ಚುವರಿ 700 ಹಿಂದಿರುಗಿಸಿ’ ಎಂಬ ಒಂದು ಸಾಲಿಗೆ ತೂಕ ಹೆಚ್ಚು.