ಗರಡಿಯ ಸಾಮು ಮತ್ತು ದೇಹದ ತೂಕ

ಗರಡಿಮನೆಯಲ್ಲಿ ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಕೆಮ್ಮಣ್ಣಿನಲ್ಲಿ ಕುಸ್ತಿಯಾಡುವ ಸಾಮು ನಮ್ಮ ನಾಡಿನ ಪರಂಪರಾಗತ ವ್ಯಾಯಾಮ. ತೂಕ ಇಳಿಸಬಯಸುವವರಿಗೆ ಇದು ಎಷ್ಟು ಸಹಕಾರಿ ಎಂಬುದನ್ನು ವಿಚಾರಿಸೋಣ.

60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ಸಾಮು ಮಾಡಿದರೆ ಸುಮಾರು 240 ಕ್ಯಾಲೊರಿ ವ್ಯಯವಾಗುತ್ತದೆ. ಒಂದು ಗ್ರಾಂ ತುಪ್ಪದಲ್ಲಿ ಸುಮಾರು 9 ಕ್ಯಾಲೊರಿ ಇರುತ್ತದೆ. ಆದ್ದರಿಂದ ಊಟದಲ್ಲಿ ಎರಡು ದೊಡ್ಡ ಚಮಚ ತುಪ್ಪ ಹೆಚ್ಚಾದರೆ ವ್ಯಯವಾದಷ್ಟೂ ಮರಳಿ ಬಂದಂತೆ. ಸಾಮು ಬಿಟ್ಟ ಮೇಲೂ ಹಿಂದಿನಷ್ಟೇ ಹಾಲು, ತುಪ್ಪ, ಬಾದಾಮಿ ಸೇವಿಸುವ ಪೈಲ್ವಾನರಿಗೆ ಬೊಜ್ಜು ಬರುವುದೂ ಇದೇ ಕಾರಣದಿಂದ.

ಹಾಗೆಂದು ಸಾಮು ವ್ಯರ್ಥವಲ್ಲ. ಕೇವಲ ಆಹಾರ ತಗ್ಗಿಸಿ ತೂಕ ಇಳಿಸಿದರೆ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಸಾಮು ಸ್ನಾಯುವನ್ನು ಕಾಪಾಡುತ್ತದೆ, ರಕ್ತದಲ್ಲಿನ ಸಕ್ಕರೆಯ ಹತೋಟಿಗೂ ನೆರವಾಗುತ್ತದೆ. ಮೊಣಕಾಲು ನೋವು, ಹೃದ್ರೋಗ, ಅಧಿಕ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಉಳಿದವರೂ ದಿನಕ್ಕೆ ಹತ್ತು ಬಸ್ಕಿಗಳಿಂದ ತೊಡಗಿ ಕ್ರಮೇಣ ಹೆಚ್ಚಿಸಿಕೊಳ್ಳುವುದು ಒಳಿತು.

ಪ್ರಸಾದವನ್ನು ಎಡೆಯಲ್ಲಿ ಬಿಡಬಾರದೆಂಬುದು ನಮ್ಮ ನಿಯಮ. ಆದುದರಿಂದ ಬಡಿಸುವಾಗಲೇ ‘ಸಾಕು’ ಎನ್ನುವುದನ್ನು ನಾವು ರೂಢಿಸಿಕೊಳ್ಳೋಣ. ಆಗ ನಿಯಮವೂ ಉಳಿಯುತ್ತದೆ, ಸಾಮಿನ ಫಲವೂ ಉಳಿಯುತ್ತದೆ.