ಬಚ್ಚಲುಮನೆಯಲ್ಲಿ ಕ್ಲೋರಿನ್

ಕ್ಲೋರಿನ್ ಅನಿಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಕ್ರಮವು ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಮ್ಯಾಂಗನೀಸ್ ಡೈ ಆಕ್ಸೈಡನ್ನು ಹೈಡ್ರೋಕ್ಲೋರಿಕ್ ಆಮ್ಲದೊಡನೆ ಕಾಯಿಸಿ, ಹೊರಡುವ ಹಸುರುಹಳದಿ ಅನಿಲವನ್ನು, ನಳಿಕೆಯನ್ನು ಜಾಡಿಯ ತಳದವರೆಗೆ ಇಳಿಸಿ ತುಂಬುತ್ತೇವೆ. 1774ರಲ್ಲಿ ಷೀಲೆ ಎಂಬ ವಿಜ್ಞಾನಿ ಈ ಅನಿಲವನ್ನು ಮೊದಲು ಪಡೆದುದೂ ಇವೇ ಎರಡು ವಸ್ತುಗಳಿಂದ. ಇದಕ್ಕಿಂತ ಸುಲಭವಾದ ಮಾರ್ಗವೊಂದುಂಟು. ಬ್ಲೀಚಿಂಗ್ ಪುಡಿಯ ಮೇಲೆ ಆಮ್ಲವನ್ನು ಸುರಿದರೆ ಸಾಕು, ಕಾಯಿಸುವ ಶ್ರಮವೂ ಇಲ್ಲ. ಈ ಎರಡನೆಯ ಪ್ರಯೋಗವು ಎಷ್ಟೋ ಮನೆಗಳ ಬಚ್ಚಲಿನಲ್ಲಿ, ಮಾಡುವವರಿಗೇ ಅರಿವಿಲ್ಲದಂತೆ ನಡೆದುಹೋಗುತ್ತದೆ.

ಶೌಚಾಲಯವನ್ನು ತೊಳೆಯಲು ನಮ್ಮಲ್ಲಿ ಮಾರುವ ದ್ರವಗಳಲ್ಲಿ ಅನೇಕವು ನೂರಕ್ಕೆ ಸುಮಾರು 10 ಭಾಗ ಹೈಡ್ರೋಕ್ಲೋರಿಕ್ ಆಮ್ಲವುಳ್ಳವು. ಗಡಸುನೀರಿನಿಂದ ಕಟ್ಟಿದ ಬಿಳಿಯ ಪದರವನ್ನು ಆಮ್ಲವು ಕರಗಿಸುತ್ತದೆ. ಬ್ಲೀಚಿಂಗ್ ಪುಡಿಯ ಕೆಲಸ ಬೇರೆ. ಅದು ಬಣ್ಣವನ್ನು ಕಳೆದು ರೋಗಾಣುಗಳನ್ನು ಕೊಲ್ಲುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಇಮ್ಮಡಿ ಫಲ ದೊರೆಯುವುದೆಂದು ಭಾವಿಸುವುದು ಸಹಜ. ವಾಸ್ತವವಾಗಿ ಆಗುವುದು ಇದಕ್ಕೆ ವಿರುದ್ಧ. ಆಮ್ಲವು ಪುಡಿಯಲ್ಲಿರುವ ಸುಣ್ಣದೊಡನೆ ಸೇರಿ ವ್ಯಯವಾಗುತ್ತದೆ. ಪುಡಿಯ ಸತ್ತ್ವವಾದ ಕ್ಲೋರಿನ್ ಗಾಳಿಗೆ ಹಾರುತ್ತದೆ. ಕೊಳೆ ಹೆಚ್ಚಾಗಿ ಇದ್ದಲ್ಲೇ ಉಳಿಯುತ್ತದೆ!

ಹೊರಡುವ ಅನಿಲವೆಷ್ಟು? ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಒಳ್ಳೆಯ ಬ್ಲೀಚಿಂಗ್ ಪುಡಿಯಿಂದ ಅದರ ತೂಕದ ಸುಮಾರು ಮೂರನೆಯ ಒಂದು ಭಾಗ ಕ್ಲೋರಿನ್ ಬಿಡುಗಡೆಯಾಗಬಲ್ಲದು. ಹತ್ತು ಗ್ರಾಂ ಪುಡಿಯನ್ನು, ಎಂದರೆ ಸುಮಾರು ಎರಡು ಚಹಾ ಚಮಚದಷ್ಟನ್ನು, ತೆಗೆದುಕೊಂಡರೆ 3.3 ಗ್ರಾಂ. ಕ್ಲೋರಿನ್ನಿನ ಅಣುತೂಕ 71; ಸಾಧಾರಣ ಉಷ್ಣತೆಯಲ್ಲಿ ಅಷ್ಟು ಗ್ರಾಂ ಅನಿಲವು ಸುಮಾರು 24.5 ಲೀಟರು ಸ್ಥಳವನ್ನು ಆಕ್ರಮಿಸುವುದರಿಂದ, ನಮ್ಮ 3.3 ಗ್ರಾಂ ಸುಮಾರು 1.1 ಲೀಟರಾಗುತ್ತದೆ. ನಾಲ್ಕು ಅಡಿ ಅಗಲ, ಐದು ಅಡಿ ಉದ್ದ, ಎಂಟು ಅಡಿ ಎತ್ತರದ ಕೋಣೆಯಲ್ಲಿ ಹಿಡಿಸುವ ಗಾಳಿ ಸುಮಾರು 4,500 ಲೀಟರು. ಆದುದರಿಂದ ದಶಲಕ್ಷ ಭಾಗ ಗಾಳಿಗೆ ಸುಮಾರು 250 ಭಾಗ ಕ್ಲೋರಿನ್ ಆಯಿತು. ಅರ್ಧದಷ್ಟು ನೀರಿನಲ್ಲಿ ಕರಗಿಹೋಯಿತೆಂದೇ ಇಟ್ಟುಕೊಂಡರೂ 125 ಉಳಿಯಿತು. ದಶಲಕ್ಷಕ್ಕೆ ಒಂದೆರಡು ಭಾಗವಿದ್ದರೇ ಕಣ್ಣು, ಮೂಗು ಉರಿಯುತ್ತವೆ. 30 ಭಾಗವಾದರೆ ಎದೆನೋವು, ಕೆಮ್ಮು, ಏದುಸಿರು. 50ರ ಆಸುಪಾಸಿನಲ್ಲಿ ಶ್ವಾಸಕೋಶಕ್ಕೇ ಹಾನಿ. ಎರಡು ಚಮಚ ಪುಡಿಯ ಪ್ರಭಾವವಿದು. ಬಚ್ಚಲು ತೊಳೆಯುವವರು ಹಿಡಿಗಟ್ಟಲೆ ಎರಚುವುದುಂಟು.

ಜಾಡಿಯ ತಳಕ್ಕೆ ನಳಿಕೆಯಿಳಿಸಿದ ಕಾರಣವನ್ನು ಈಗ ಜ್ಞಾಪಿಸಿಕೊಳ್ಳಬೇಕು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. 1915ರ ಎಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆಯು ಇದನ್ನು ಬಿಟ್ಟಾಗ, ಅದು ನೆಲದ ಮೇಲೆ ತೆವಳಿ ಕಂದಕಗಳೊಳಕ್ಕೆ ಇಳಿದುದೂ ಈ ಗುಣದಿಂದಲೇ. ಒಮ್ಮೆ ಗಾಳಿಯೊಡನೆ ಚೆನ್ನಾಗಿ ಬೆರೆತ ಮೇಲೆ, ನೀರಿನಿಂದ ಎಣ್ಣೆ ಬೇರಾಗುವಂತೆ, ಕ್ಲೋರಿನ್ ಬೇರ್ಪಟ್ಟು ಕೆಳಗಿಳಿಯುವುದಿಲ್ಲ. ಆದರೆ ಬಚ್ಚಲಿನಲ್ಲಿ ಅದು ಹುಟ್ಟುವುದೇ ನೆಲದಲ್ಲಿ. ಬೆರೆಯುವುದಕ್ಕೆ ಮುಂಚಿನ ನಿಮಿಷಗಳಲ್ಲಿ ಅದರ ಸಾಂದ್ರತೆ ನೆಲದ ಬಳಿಯೇ ಅಧಿಕ. ಕುಕ್ಕರಗಾಲಿನಲ್ಲಿ ಕುಳಿತು ಉಜ್ಜುವವರ ಮೂಗೂ ಅಲ್ಲಿಯೇ. ಸೂರಿನ ಬಳಿ ಇರುವ ಗವಾಕ್ಷಿಯೊಂದನ್ನೇ ನಂಬಲಾಗದು. ಬಾಗಿಲು ಪೂರ್ತಿ ತೆರೆದಿರಬೇಕು.

ಬಟ್ಟೆ ಬಿಳುಪು ಮಾಡುವ ದ್ರವದಲ್ಲಿರುವ ಸೋಡಿಯಂ ಹೈಪೋಕ್ಲೋರೈಟೂ ಇದೇ ಜಾತಿಯದು. ಹುಣಿಸೆ, ನಿಂಬೆ, ವಿನಿಗರ್‌ಗಳು ಸೌಮ್ಯವಾದರೂ ಆಮ್ಲಗಳೇ. ಅಮೋನಿಯದೊಡನೆ ಬೆರೆತರೆ ಕ್ಲೋರಮೀನ್ ಎಂಬ ಬೇರೊಂದು ಉಸಿರುಗಟ್ಟಿಸುವ ಅನಿಲ ಹೊರಡುತ್ತದೆ. ಎರಡೂ ಬೇಕೆನಿಸಿದರೆ ಒಂದನ್ನು ಇಂದು ಬಳಸಿ, ಧಾರಾಳವಾಗಿ ನೀರು ಹೊಯ್ದು, ಇನ್ನೊಂದನ್ನು ನಾಳೆಗಿಡಬಹುದು. ಆಮ್ಲದ ಸೀಸೆ ಬಚ್ಚಲಿನಲ್ಲಿದ್ದರೆ, ಪುಡಿಯ ಡಬ್ಬಿ ಹಿತ್ತಿಲಿನ ನೀರಿನ ತೊಟ್ಟಿಯ ಬಳಿ ಒಣಸ್ಥಳದಲ್ಲಿ, ಮಕ್ಕಳ ಕೈಗೆಟುಕದಂತಿರಲಿ. ಚೀಟಿಯನ್ನು ಓದಲು ಬಾರದವರೂ ಮನೆಗೆಲಸ ಮಾಡುವುದರಿಂದ, ಚೀಟಿಗಿಂತ ಈ ದೂರವೇ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ.

ಅಕಸ್ಮಾತ್ ಬೆರೆತುಹೋಗಿ ಕಟುವಾಸನೆ ಎದ್ದಿತೆನ್ನಿ. ನೀರು ಹಾಕಿ ತೊಳೆದುಬಿಡೋಣವೆಂದು ಅಲ್ಲಿಯೇ ನಿಲ್ಲದೆ ತಕ್ಷಣ ಹೊರಬಂದು, ಬಯಲಿನ ಗಾಳಿಯಲ್ಲಿ ನೆಟ್ಟಗೆ ಕುಳಿತುಕೊಳ್ಳಬೇಕು. ಉರಿಯುವ ಕಣ್ಣನ್ನು ಬಹಳ ಹೊತ್ತು ತಣ್ಣೀರಿನಿಂದ ತೊಳೆಯಬೇಕು. ಕೆಮ್ಮು ನಿಂತಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಕ್ಲೋರಿನ್ ನೀರಿನಲ್ಲಿ ಮಿತವಾಗಿ ಮಾತ್ರ ಕರಗುವುದರಿಂದ ಅದೆಲ್ಲವೂ ಮೂಗು ಗಂಟಲುಗಳ ತೇವದಲ್ಲಿ ತಡೆದುಹೋಗದೆ, ಒಂದು ಭಾಗ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ನೀರು ತುಂಬಿಕೊಳ್ಳುವ ಲಕ್ಷಣ ಕೆಲವು ಗಂಟೆಗಳ ಅನಂತರ ತೋರಬಹುದು. ಸಂಜೆ ಉಬ್ಬಸ ಬಂದರೆ, ಬೆಳಗ್ಗೆ ಬಚ್ಚಲಿನಲ್ಲಿ ಯಾವ ಎರಡು ವಸ್ತುಗಳು ಬೆರೆತವೆಂಬುದನ್ನು ವೈದ್ಯರಿಗೆ ಹೇಳಲು ಮರೆಯಬಾರದು.